ಬೆನ್ನು ತಿರುಗಿಸಿ ಎಸೆದ ಪಿಚರ್: ಹಿದೆಯೊ ನೊಮೊ

ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್ ಮೇಲೆ ಉಪನ್ಯಾಸ ಅಂದರೆ ಯಾರು ಬರುತ್ತಾರೆ ಅಂತ ಕರೆದವರಿಗೇ ಅನುಮಾನ ಇತ್ತು. ಇಷ್ಟು ಜನ ಬಂದಿದ್ದೀರಿ, ಖುಷಿ ಆಯ್ತು. ನಿಮ್ಮಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡಿ ಬೆಳೆದವರು. ನಾನೂ ಅಷ್ಟೇ. ಅದಕ್ಕೆ ಮೊದಲು ಎರಡು ನಿಮಿಷ ಆಟದ ಬಗ್ಗೆ ಹೇಳಿ, ಆಮೇಲೆ ಆಟಗಾರನ ಕಡೆ ಬರುತ್ತೇನೆ.

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನಿಗೆ ಪಿಚರ್ ಅನ್ನುತ್ತಾರೆ. ಅವನು ನಿಲ್ಲುವುದು ಒಂದು ಸಣ್ಣ ಮಣ್ಣಿನ ದಿಬ್ಬದ ಮೇಲೆ. ಅದು ಮೌಂಡ್. ಅಲ್ಲಿಂದ ಬ್ಯಾಟರ್ ಹತ್ತಿರದ ಹೋಮ್ ಪ್ಲೇಟ್‌ಗೆ 18.44 ಮೀಟರ್. ರನ್ ಅಪ್ ಇಲ್ಲ, ನಿಂತ ಜಾಗದಿಂದಲೇ ಎಸೆಯಬೇಕು. ಮೊಣಕೈ ಬಗ್ಗಿಸಿದರೆ ಯಾರೂ ನೋಬಾಲ್ ಕೊಡುವುದಿಲ್ಲ. ಚೆಂಡು ನೆಲಕ್ಕೆ ಬಿದ್ದು ಏಳುವುದಿಲ್ಲ, ನೇರ ಗಾಳಿಯಲ್ಲೇ ಬರುತ್ತದೆ. ಬ್ಯಾಟರ್ ಬೀಸಿ ತಪ್ಪಿದರೆ, ಇಲ್ಲವೇ ಹೊಡೆಯಬೇಕಾದ ಚೆಂಡನ್ನು ಬಿಟ್ಟರೆ ಅದು ಒಂದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಅದು ಸ್ಟ್ರೈಕ್‌ಔಟ್. ಪಿಚರ್ ನಾಲ್ಕು ಸಲ ಗುರಿ ತಪ್ಪಿದರೆ ಬ್ಯಾಟರ್‌ಗೆ ಮೊದಲ ಬೇಸ್ (ರನ್‌ಗಾಗಿ ಸುತ್ತಬೇಕಾದ ಮೂಲೆಗಳಲ್ಲಿ ಮೊದಲನೆಯದು) ಪುಕ್ಕಟೆ, ಅದು ವಾಕ್. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಅಷ್ಟೂ ಹೊತ್ತು ಎದುರಾಳಿಗೆ ಒಂದೇ ಒಂದು ಹಿಟ್ ಕೂಡ, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟುವ ಅವಕಾಶ, ಕೊಡದಿದ್ದರೆ ನೋ-ಹಿಟರ್. ಇವತ್ತಿಗೆ ಇಷ್ಟು ಸಾಕು.

ಹಿದೆಯೊ ನೊಮೊ ಬಗ್ಗೆ ಎಲ್ಲಿ ಓದಿದರೂ ಒಂದೇ ಮಾತು ಸಿಗುತ್ತದೆ: ಜಪಾನಿನ ಆಟಗಾರರಿಗೆ ಅಮೆರಿಕದ ದಾರಿ ತೋರಿಸಿದವನು. ಮಾತು ಸುಳ್ಳಲ್ಲ. ಆದರೆ ನೊಮೊ ಯಾರಿಗೂ ದಾರಿ ತೋರಿಸೋಕೆ ಅಂತ ಹೊರಟವನಲ್ಲ. ನನ್ನ ಕೈ ನಾನು ಹೇಗೆ ಬೀಸಬೇಕು, ಯಾರ ಹತ್ತಿರ ಕೆಲಸ ಮಾಡಬೇಕು, ಈ ಎರಡನ್ನೂ ನಾನೇ ತೀರ್ಮಾನ ಮಾಡುತ್ತೇನೆ ಅಂತ ಹಟ ಹಿಡಿದ ಒಬ್ಬ ನೌಕರ ಅವನು. ಹಟ ಅಂದೆ. ಜಗಳ ಅನ್ನಲಿಲ್ಲ, ಯಾಕೆಂದರೆ ನೊಮೊ ಮಾತಾಡುತ್ತಿದ್ದುದೇ ಕಮ್ಮಿ. ಪತ್ರಕರ್ತರು ಹತ್ತು ಪ್ರಶ್ನೆ ಕೇಳಿದರೆ ಒಂದೆರಡು ವಾಕ್ಯದ ಉತ್ತರ ಬರುತ್ತಿತ್ತು. ಅವನ ಕಥೆಯನ್ನು ಈ ಹಟದ ಕಡೆಯಿಂದ ನೋಡಿದರೆ ಅಂಕಿ-ಅಂಶಗಳೂ ಬೇರೆ ಥರ ಕಾಣುತ್ತವೆ.

ಹುಟ್ಟಿದ್ದು 1968ರ ಆಗಸ್ಟ್ 31ರಂದು, ಒಸಾಕಾದಲ್ಲಿ. ಜಪಾನಿನಲ್ಲಿ ಬೇಸ್‌ಬಾಲ್ ಆಡುವ ಪ್ರತಿ ಹುಡುಗನಿಗೂ ಒಂದು ಕನಸು ಇರುತ್ತದೆ: ಕೋಶಿಯೆನ್. ಅದು ಹೈಸ್ಕೂಲ್‌ಗಳ ರಾಷ್ಟ್ರೀಯ ಟೂರ್ನಿ ನಡೆಯುವ ಕ್ರೀಡಾಂಗಣದ ಹೆಸರು. ಬೇಸಿಗೆಯ ಟೂರ್ನಿ ನಡೆಯುವಾಗ ದೇಶಕ್ಕೆ ದೇಶವೇ ಟಿವಿ ಮುಂದೆ ಕೂರುತ್ತದೆ. ಅಲ್ಲಿ ಮಿಂಚಿದವರಿಗೆ ವೃತ್ತಿಪರ ತಂಡಗಳು ಕ್ಯೂ ನಿಲ್ಲುತ್ತವೆ. ನೊಮೊ ಓದಿದ ಸೆಯಿಜೊ ಕೋಗ್ಯೊ ಶಾಲೆ ಅವನ ಕಾಲದಲ್ಲಿ ಕೋಶಿಯೆನ್ ಮುಟ್ಟಲೇ ಇಲ್ಲ. ಒಸಾಕಾ ಮಟ್ಟದ ಅರ್ಹತಾ ಪಂದ್ಯವೊಂದರಲ್ಲಿ ಅವನು ಪರ್ಫೆಕ್ಟ್ ಗೇಮ್ ಎಸೆದ. ಅಂದರೆ ಎದುರಾಳಿಯ ಒಬ್ಬನೂ ಬೇಸ್ ಮುಟ್ಟಲಿಲ್ಲ. ಆದರೂ ಶಾಲೆ ಮುಗಿಸಿದಾಗ ಯಾವ ವೃತ್ತಿಪರ ತಂಡವೂ ಅವನನ್ನು ಆರಿಸಿಕೊಳ್ಳಲಿಲ್ಲ. ಉಕ್ಕಿನ ಕಂಪನಿ ಶಿನ್ ನಿಪ್ಪೊನ್‌ನ ಸಕಾಯಿ ಕಾರ್ಖಾನೆಯ ತಂಡ ಸೇರಿದ. ಜಪಾನಿನ ದೊಡ್ಡ ಕಂಪನಿಗಳು ಹೀಗೆ ತಂಡ ಸಾಕುವುದು ಹಳೆಯ ರೂಢಿ. ಆಟಗಾರರು ಕಂಪನಿಯ ನೌಕರರು, ಕೆಲಸವೂ ಇರುತ್ತದೆ, ಅಭ್ಯಾಸವೂ ಇರುತ್ತದೆ.

ನೊಮೊ ನಿಜವಾಗಿ ಪಿಚರ್ ಆಗಿದ್ದು ಆ ಕಾರ್ಖಾನೆಯ ತಂಡದಲ್ಲಿ. ಫೋರ್ಕ್ ಬಾಲ್ ಕಲಿತದ್ದು ಅಲ್ಲೇ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಾಮೂಲಿ ಫಾಸ್ಟ್ ಬಾಲ್ ಹಾಕುವಾಗ ತೋರುಬೆರಳು, ಮಧ್ಯದ ಬೆರಳು ಎರಡೂ ಚೆಂಡಿನ ಮೇಲಿರುತ್ತವೆ. ಬಿಡುವಾಗ ಬೆರಳ ತುದಿ ಚೆಂಡನ್ನು ಹಿಂದಕ್ಕೆ ಉರುಳಿಸುತ್ತದೆ. ಹಾಗೆ ಹಿಮ್ಮುಖ ತಿರುಗುವ ಚೆಂಡಿಗೆ ಗಾಳಿ ಒಂದಿಷ್ಟು ಆಸರೆ ಕೊಡುತ್ತದೆ, ಅದು ಬೀಳಬೇಕಾದಷ್ಟು ಬೀಳುವುದಿಲ್ಲ. ಫೋರ್ಕ್‌ನಲ್ಲಿ ಆ ಎರಡು ಬೆರಳನ್ನೂ ಎಷ್ಟು ಆಗುತ್ತೋ ಅಷ್ಟು ಅಗಲಿಸಿ, ನಡುವೆ ಚೆಂಡನ್ನು ಆಳಕ್ಕೆ ಸಿಕ್ಕಿಸಬೇಕು. ಕೈ ಬೀಸುವ ವೇಗ ಫಾಸ್ಟ್ ಬಾಲ್‌ನದ್ದೇ. ಆದರೆ ಚೆಂಡು ಬೆರಳುಗಳ ಸಂದಿಯಿಂದ ಜಾರಿಕೊಂಡು ಹೋಗುತ್ತದೆ, ತಿರುಗುವುದು ಕಮ್ಮಿ. ಗಾಳಿಯ ಆಸರೆ ಸಿಗುವುದಿಲ್ಲ. ಎದೆಮಟ್ಟಕ್ಕೆ ಬರುತ್ತಿದೆ ಅಂತ ಬ್ಯಾಟರ್ ಬೀಸಿದರೆ, ಚೆಂಡು ಮೊಣಕಾಲಿನ ಕೆಳಗಿರುತ್ತದೆ. ಟಿ20 ಪಂದ್ಯಗಳಲ್ಲಿ ನಮ್ಮ ವೇಗಿಗಳು ಬೆರಳು ಅಗಲಿಸಿ ಹಾಕುವ ಸ್ಲೋ ಬಾಲ್ ಇದೆಯಲ್ಲ, ಅದರ ಹಿಡಿತ ಹೆಚ್ಚು ಕಮ್ಮಿ ಇದೇ. ಬೆರಳು ಅಗಲವಾಗಲಿ ಅಂತ ನೊಮೊ ರಾತ್ರಿ ಮಲಗುವಾಗ ಚೆಂಡನ್ನು ಬೆರಳ ನಡುವೆ ಇಟ್ಟು ಟೇಪ್ ಸುತ್ತಿಕೊಳ್ಳುತ್ತಿದ್ದ ಅಂತ ಹೇಳುತ್ತಾರೆ. ಆ ಬೆರಳುಗಳು ಎಸೆದ ಫೋರ್ಕ್ ನೋಡಿದರೆ ನಂಬಬಹುದು ಅನಿಸುತ್ತದೆ.

1988ರಲ್ಲಿ ಸಿಯೋಲ್ ಒಲಿಂಪಿಕ್ಸ್‌ಗೆ ಜಪಾನ್ ತಂಡದಲ್ಲಿ ಹೋದ. ಆಗ ಬೇಸ್‌ಬಾಲ್ ಅಲ್ಲಿ ಪ್ರದರ್ಶನ ಕ್ರೀಡೆ ಮಾತ್ರ. ಫೈನಲ್‌ನಲ್ಲಿ ಜಪಾನ್ ಅಮೆರಿಕಕ್ಕೆ 5-3ರಿಂದ ಸೋತಿತು. ಮರುವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಹೊಸ ಹುಡುಗರನ್ನು ಹಂಚಿಕೊಳ್ಳುವ ಆಯ್ಕೆಯಲ್ಲಿ, ಜಪಾನಿನ 12 ತಂಡಗಳ ಪೈಕಿ 8 ತಂಡಗಳು ಮೊದಲ ಹೆಸರಾಗಿ ನೊಮೊನನ್ನೇ ಬರೆದವು. ಹೀಗಾದರೆ ಚೀಟಿ ಎತ್ತುತ್ತಾರೆ. ಚೀಟಿ ಸಿಕ್ಕಿದ್ದು ಕಿಂತೆತ್ಸು ಬಫಲೋಸ್‌ಗೆ, ಒಂದು ರೈಲ್ವೆ ಕಂಪನಿಯ ತಂಡ. ನೋಡಿ, ಇಲ್ಲಿ ಹುಡುಗನಿಗೆ ಆಯ್ಕೆಯೇ ಇಲ್ಲ. ಯಾರ ಕೈಗೆ ಚೀಟಿ ಬಂತೋ ಅವರ ಪಾಲು. ಆದರೂ ನೊಮೊ ಒಂದು ಷರತ್ತು ಹಾಕಿದ: ನಾನು ಎಸೆಯುವ ರೀತಿಯನ್ನು ಯಾರೂ ತಿದ್ದಬಾರದು. ಮ್ಯಾನೇಜರ್, ಅಂದರೆ ತಂಡದ ಮುಖ್ಯ ಕೋಚ್, ಓಗಿ ಅಕಿರಾ ಒಪ್ಪಿಕೊಂಡ.

ಆ ರೀತಿ ಯಾವುದು ಅಂತ ಹೇಳಬೇಕು. ನೊಮೊ ಮೊದಲು ಎರಡೂ ಕೈಗಳನ್ನು ಜೋಡಿಸಿ ನಿಧಾನಕ್ಕೆ ತಲೆಯ ಮೇಲೆ ಎತ್ತುತ್ತಾನೆ. ಎತ್ತಿದ ಕೈ ಇನ್ನೂ ಹಿಂದಕ್ಕೆ ಹೋಗುತ್ತದೆ, ಬೆನ್ನು ಬಾಗುತ್ತದೆ. ಆಮೇಲೆ ಎಡಗಾಲು ಮೇಲಕ್ಕೆ. ಕಾಲು ಎತ್ತುತ್ತಲೇ ಸೊಂಟದಿಂದ ಮೇಲೆ ಇಡೀ ಮೈ ತಿರುಗುತ್ತಾ ಹೋಗುತ್ತದೆ. ಎಷ್ಟು ಅಂದರೆ, ಬ್ಯಾಟರ್‌ಗೆ ಅವನ ಮುಖ ಕಾಣುವುದಿಲ್ಲ, ಬೆನ್ನ ಮೇಲಿನ ನಂಬರ್ ಕಾಣುತ್ತದೆ. ಆ ಭಂಗಿಯಲ್ಲಿ ಒಂದು ಕ್ಷಣ ಹಾಗೇ ನಿಲ್ಲುತ್ತಾನೆ. ಆಮೇಲೆ ಬುಗುರಿಯ ಚಾಟಿ ಎಳೆದ ಹಾಗೆ ಸುತ್ತಿದ್ದೆಲ್ಲ ಒಂದೇ ಏಟಿಗೆ ಬಿಚ್ಚಿಕೊಳ್ಳುತ್ತದೆ. ಚೆಂಡು ಅವನ ಕೈಯಲ್ಲಿದೆ ಅಂತ ಬ್ಯಾಟರ್‌ಗೆ ಕಾಣುವ ಹೊತ್ತಿಗೆ ಅದು ಕೈ ಬಿಟ್ಟಾಗಿರುತ್ತದೆ. ಈ ಶೈಲಿಗೆ ಏನು ಹೆಸರಿಡೋಣ ಅಂತ ತಂಡದವರು ಅಭಿಮಾನಿಗಳನ್ನೇ ಕೇಳಿದರು. ಟೊರ್ನೆಡೊ ಅನ್ನುವ ಹೆಸರು ನಿಂತಿತು.

ಕೋಚ್‌ಗಳಿಗೆ ಇದು ಹಿಡಿಸದಿರುವುದಕ್ಕೆ ಕಾರಣಗಳಿದ್ದವು, ಅದನ್ನೂ ಹೇಳಬೇಕು. ಎಸೆಯುವಾಗ ಗುರಿಯಿಂದ ಕಣ್ಣು ತೆಗೆದರೆ ಗುರಿ ತಪ್ಪುತ್ತದೆ, ವಾಕ್ ಜಾಸ್ತಿ ಆಗುತ್ತವೆ. ಆದವು ಕೂಡ. ನೊಮೊ ಕೊಟ್ಟಷ್ಟು ವಾಕ್‌ಗಳನ್ನು ಬೇರೆ ಯಾರೇ ಕೊಟ್ಟಿದ್ದರೂ ತಂಡದಿಂದ ಆಚೆ ಹಾಕುತ್ತಿದ್ದರು. ಆದರೆ ಅವನಿಗೆ ಅಷ್ಟೇ ಸ್ಟ್ರೈಕ್‌ಔಟ್‌ಗಳೂ ಬರುತ್ತಿದ್ದವಲ್ಲ!

1990, ಮೊದಲ ವರ್ಷ. ಏಪ್ರಿಲ್ 29ರಂದು ಓರಿಕ್ಸ್ ವಿರುದ್ಧ ಮೊದಲ ಗೆಲುವು, ಅದೇ ಪಂದ್ಯದಲ್ಲಿ 17 ಸ್ಟ್ರೈಕ್‌ಔಟ್. ವರ್ಷದ ಕೊನೆಗೆ 18 ಗೆಲುವು, 8 ಸೋಲು, 235 ಇನಿಂಗ್ಸ್‌ನಲ್ಲಿ 287 ಸ್ಟ್ರೈಕ್‌ಔಟ್. ವರ್ಷದ ಹೊಸ ಆಟಗಾರ, ಲೀಗ್‌ನ ಅತ್ಯಂತ ಮೌಲ್ಯದ ಆಟಗಾರ, ಜೊತೆಗೆ ಪಿಚರ್‌ಗಳ ದೊಡ್ಡ ಗೌರವವಾದ ಸಾವಾಮುರಾ ಪ್ರಶಸ್ತಿ, ಮೂರೂ ಒಬ್ಬನಿಗೇ. ಸಾವಾಮುರಾ ಯಾರು ಅಂದಿರಾ? 1934ರಲ್ಲಿ ಅಮೆರಿಕದ ಘಟಾನುಘಟಿಗಳು ಜಪಾನ್ ಪ್ರವಾಸಕ್ಕೆ ಬಂದಾಗ 17ರ ಹುಡುಗ ಸಾವಾಮುರಾ ಎಯಿಜಿ ಬೇಬ್ ರೂತ್, ಲೂ ಗೆರಿಗ್ ಸೇರಿ ನಾಲ್ವರನ್ನು ಸಾಲಾಗಿ ಸ್ಟ್ರೈಕ್‌ಔಟ್ ಮಾಡಿದ್ದ. ಆ ಪಂದ್ಯವನ್ನು 1-0ರಿಂದ ಸೋತ, ಆದರೆ ಜಪಾನ್ ಅವನನ್ನು ಮರೆಯಲಿಲ್ಲ. 1944ರಲ್ಲಿ ಯುದ್ಧದಲ್ಲಿ ಅವನು ಹೋಗಿದ್ದ ಹಡಗು ಮುಳುಗಿ ತೀರಿಕೊಂಡ.

1990ರಿಂದ 93ರವರೆಗೆ ನಾಲ್ಕೂ ವರ್ಷ ಪೆಸಿಫಿಕ್ ಲೀಗ್‌ನಲ್ಲಿ (ಜಪಾನಿನ ಎರಡು ವೃತ್ತಿಪರ ಲೀಗ್‌ಗಳಲ್ಲಿ ಕಿಂತೆತ್ಸು ಆಡುತ್ತಿದ್ದುದು) ಗೆಲುವಿನಲ್ಲೂ ಸ್ಟ್ರೈಕ್‌ಔಟ್‌ನಲ್ಲೂ ನೊಮೊನೇ ಮೊದಲು. ಇನ್ನೊಂದು ಅಂಕಿ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಕಿಂತೆತ್ಸುವಿನ ಐದು ವರ್ಷಗಳಲ್ಲಿ ಅವನು 139 ಪಂದ್ಯ ಆಡಿದ. ಅದರಲ್ಲಿ 80 ಪಂದ್ಯಗಳನ್ನು ಮೊದಲ ಎಸೆತದಿಂದ ಕೊನೆಯ ಎಸೆತದವರೆಗೆ ಒಬ್ಬನೇ ಮುಗಿಸಿದ. ಒಂದು ಭುಜ ಎಷ್ಟು ತಡೆಯುತ್ತದೆ ಹೇಳಿ.

1993ಕ್ಕೆ ಓಗಿ ಹೋಗಿ ಸುಜುಕಿ ಕೇಶಿ ಮ್ಯಾನೇಜರ್ ಆಗಿ ಬಂದ. ಸುಜುಕಿ ಸಣ್ಣ ಆಸಾಮಿ ಅಲ್ಲ. ಇದೇ ಕಿಂತೆತ್ಸು ಪರ 20 ವರ್ಷ ಎಸೆದು 317 ಪಂದ್ಯ ಗೆದ್ದ ಎಡಗೈ ಪಿಚರ್. ಓಡಿ ಓಡಿ, ಎಸೆದು ಎಸೆದು ಗಟ್ಟಿಯಾದ ಪೀಳಿಗೆ ಅದು. ನಾನು ಹೀಗೇ 317 ಗೆದ್ದೆ, ನೀವೂ ಹೀಗೇ ಮಾಡಿ ಅನ್ನುವ ಲೆಕ್ಕ. ನೊಮೊ ನಂಬಿದ್ದು ಕಂಡೀಷನಿಂಗ್ ಕೋಚ್ ತಚಿಬಾನಾ ರ್ಯೂಜಿಯನ್ನು. ಭುಜಕ್ಕೆ ವಿಶ್ರಾಂತಿ ಯಾವಾಗ, ಯಾವ ಸ್ನಾಯುವಿಗೆ ಯಾವ ವ್ಯಾಯಾಮ ಅಂತ ಲೆಕ್ಕ ಹಾಕುವ ಹೊಸ ಕಾಲದ ಮನುಷ್ಯ. ಸುಜುಕಿಗೂ ತಚಿಬಾನಾಗೂ ಸರಿಹೋಗಲಿಲ್ಲ. 1993ರ ಕೊನೆಗೆ ತಚಿಬಾನಾ ತಂಡ ಬಿಟ್ಟ.

1994ರ ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಸೆಯಿಬು ಲಯನ್ಸ್ ವಿರುದ್ಧ.

ಒಂದನೆಯದು ಏಪ್ರಿಲ್ 9, ಸೀಸನ್‌ನ ಮೊದಲ ದಿನ. ಎಂಟು ಇನಿಂಗ್ಸ್ ಮುಗಿದರೂ ನೊಮೊ ಒಂದೂ ಹಿಟ್ ಕೊಟ್ಟಿಲ್ಲ. ಒಂಬತ್ತನೆಯದರಲ್ಲಿ ಕಿಂತೆತ್ಸು ಮೂರು ರನ್ ಹೊಡೆದು ಮುಂದೆ ಹೋಯಿತು. ಇನ್ನು ಮೂರು ಔಟ್ ಸಾಕು. ಸೆಯಿಬುವಿನ ದೈತ್ಯ ಕಿಯೊಹಾರಾ ಕಝುಹಿರೊ ಮೊದಲ ಹಿಟ್ ಹೊಡೆದ. ಈ ಕಿಯೊಹಾರಾ ಮತ್ತು ನೊಮೊ ನಡುವೆ ಒಂದು ಹಳೆಯ ಪೈಪೋಟಿ ಇತ್ತು: ಇವನು ಫಾಸ್ಟ್ ಬಾಲ್ ಹಾಕೋದು, ಅವನು ಅದನ್ನೇ ಹೊಡೆಯೋಕೆ ನೋಡೋದು. ನೋ-ಹಿಟರ್ ಹೋಯಿತು, ಸರಿ. ಆಮೇಲೆ ಬೇಸ್‌ಗಳು ತುಂಬಿದವು. ಸುಜುಕಿ ನೊಮೊನನ್ನು ತೆಗೆದು ಬೇರೆ ಪಿಚರ್‌ನನ್ನು ಇಳಿಸಿದ. ಇತೊ ತ್ಸುತೊಮು ಗ್ರ್ಯಾಂಡ್ ಸ್ಲ್ಯಾಮ್ ಹೊಡೆದ, ಒಂದೇ ಏಟಿಗೆ ನಾಲ್ಕು ರನ್. ಪಂದ್ಯ 4-3ಕ್ಕೆ ಸೆಯಿಬು ಪಾಲಾಯಿತು.

ಎರಡನೆಯದು ಜುಲೈ 1. ಅವತ್ತು ನೊಮೊಗೆ ಗುರಿಯೇ ಸಿಗುತ್ತಿಲ್ಲ. ವಾಕ್ ಮೇಲೆ ವಾಕ್. ಒಂದೇ ಪಂದ್ಯದಲ್ಲಿ 16 ವಾಕ್. ಈ ಸಲ ಸುಜುಕಿ ಅವನನ್ನು ತೆಗೆಯಲೇ ಇಲ್ಲ. ಕಿಂತೆತ್ಸು 8-3ರಿಂದ ಗೆದ್ದಿತು, ನೊಮೊ ಪೂರ್ತಿ ಪಂದ್ಯ ಎಸೆದ. ಎಸೆತಗಳ ಲೆಕ್ಕ 191. ಇವತ್ತಿನ ಪಿಚರ್ 100 ದಾಟಿದರೆ ಡಗ್‌ಔಟ್‌ನಲ್ಲಿ ಗುಸುಗುಸು ಶುರುವಾಗುತ್ತದೆ. ಆ ವರ್ಷವೇ ನೊಮೊನ ಭುಜ ಕೈ ಕೊಟ್ಟಿತು. 8 ಗೆಲುವಿಗೆ ಸೀಸನ್ ಮುಗಿಯಿತು.

ಸುಜುಕಿ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ಅವನು ತಾನು ಬೆಳೆದ ರೀತಿಯಲ್ಲೇ ಬೇರೆಯವರನ್ನೂ ಬೆಳೆಸಲು ಹೊರಟ. ಆದರೆ ಏಪ್ರಿಲ್‌ನಲ್ಲಿ ತೆಗೆಯುವುದು, ಜುಲೈನಲ್ಲಿ ಬಿಡುವುದು, ಎರಡರಲ್ಲೂ ಪಿಚರ್‌ನನ್ನು ಒಂದು ಮಾತು ಕೇಳುವ ಪ್ರಶ್ನೆಯೇ ಬರಲಿಲ್ಲ. ನೊಮೊ ತಂಡ ಬಿಟ್ಟದ್ದು ಅಮೆರಿಕದ ಆಸೆಯಿಂದ ಅನ್ನುವವರು ಈ ಎರಡು ಪಂದ್ಯಗಳನ್ನು ಬಿಟ್ಟು ಮಾತಾಡುತ್ತಾರೆ.

ಆ ವರ್ಷದ ಕೊನೆಗೆ ನೊಮೊ ಕೇಳಿದ್ದೇನು ಗೊತ್ತಾ? ಒಂದು, ಒಂದೊಂದೇ ವರ್ಷದ ಬದಲು ಹಲವು ವರ್ಷದ ಒಪ್ಪಂದ ಕೊಡಿ. ಎರಡು, ನನ್ನ ಪರವಾಗಿ ಏಜೆಂಟ್ ಮಾತಾಡಲಿ. ಭುಜ ನೋಯುತ್ತಿರುವ ಮನುಷ್ಯ ಇದನ್ನಲ್ಲದೆ ಇನ್ನೇನು ಕೇಳುತ್ತಾನೆ! ಕಿಂತೆತ್ಸು ಎರಡಕ್ಕೂ ಆಗುವುದಿಲ್ಲ ಅಂತು. ಬೇರೆ ತಂಡಕ್ಕೆ ಹೋಗೋಣ ಅಂದರೆ ಅದಕ್ಕೂ ದಾರಿ ಇಲ್ಲ. 1993ರಲ್ಲಿ ಜಪಾನಿನಲ್ಲಿ ಫ್ರೀ ಏಜೆಂಟ್ ಪದ್ಧತಿ, ಅಂದರೆ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗುವ ಹಕ್ಕು, ಬಂದಿತ್ತು ನಿಜ, ಆದರೆ ಹತ್ತು ವರ್ಷ ಸೇವೆ ಆಗಿರಬೇಕು. ನೊಮೊಗೆ ಆಗಿದ್ದು ಐದು.

ಇಲ್ಲಿ ನೊಮೊನ ಏಜೆಂಟ್ ಡಾನ್ ನೊಮುರಾ ಬರುತ್ತಾನೆ. ತಂದೆ ಅಮೆರಿಕದವನು, ತಾಯಿ ಜಪಾನಿನವಳು. ಅವನ ಮಲತಂದೆ ನೊಮುರಾ ಕತ್ಸುಯಾ ಆಗ ಯಾಕುಲ್ತ್ ತಂಡದ ಮ್ಯಾನೇಜರ್, ಜಪಾನ್ ಬೇಸ್‌ಬಾಲ್‌ನ ದೊಡ್ಡ ಹೆಸರು. ಮಗ ಮಾತ್ರ ಆ ವ್ಯವಸ್ಥೆಯ ನಿಯಮಗಳಲ್ಲಿ ಎಲ್ಲಿ ಸಂದಿ ಇದೆ ಅಂತ ಹುಡುಕುತ್ತಿದ್ದ. ವಕೀಲೆ ಜೀನ್ ಆಫ್ಟರ್‌ಮನ್ ಜೊತೆ ಸೇರಿ ಅವನು ಓದಿದ ನಿಯಮ ಹೀಗಿತ್ತು: ಸ್ವಂತ ಇಚ್ಛೆಯಿಂದ ನಿವೃತ್ತನಾದ ಆಟಗಾರ ಮತ್ತೆ ಆಡಬೇಕೆಂದರೆ ಹಳೆಯ ತಂಡಕ್ಕೇ ಆಡಬೇಕು. ಜಪಾನಿನ ಬೇರೆ ತಂಡಕ್ಕೆ ಹೋಗುವಂತಿಲ್ಲ. ಜಪಾನಿನಾಚೆಯ ತಂಡಕ್ಕೆ? ಆ ವಿಷಯಕ್ಕೆ ನಿಯಮ ಬಾಯಿ ಬಿಟ್ಟಿರಲಿಲ್ಲ.

ಕಿಂತೆತ್ಸುವಿನವರ ಲೆಕ್ಕ ಬೇರೆ. ನಿವೃತ್ತರ ಪಟ್ಟಿಗೆ ಸೇರಿಸಿಬಿಟ್ಟರೆ ಇವನು ಎಲ್ಲೂ ಆಡಲಾರ, ತಾನಾಗಿ ದಾರಿಗೆ ಬರುತ್ತಾನೆ ಅಂದುಕೊಂಡರು. 1995ರ ಜನವರಿಯಲ್ಲಿ 26ರ ಹರೆಯದ ನೊಮೊ ಕಾಗದದ ಮೇಲೆ ನಿವೃತ್ತನಾದ. ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಜೊತೆ ಸಹಿ ಹಾಕಿದ. ಕಟ್ಟಿಹಾಕೋಕೆ ಅಂತ ತಂದ ಹಗ್ಗದಿಂದಲೇ ಅವನು ಗೋಡೆ ಹಾರಿದ.

ಇವನೇ ಮೊದಲಿಗನಾ? ಅಲ್ಲ. 1964ರಲ್ಲಿ ನಾಂಕಾಯ್ ಹಾಕ್ಸ್ ತಂಡ ತರಬೇತಿಗೆ ಕಳಿಸಿದ್ದ ಮುರಾಕಾಮಿ ಮಸಾನೊರಿ ಎಂಬ ಹುಡುಗ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಪರ ಆಡಿದ್ದ. ಚೆನ್ನಾಗಿಯೇ ಆಡಿದ್ದ. ಹುಡುಗ ನಮ್ಮವನು, ಇಲ್ಲ ನಮ್ಮವನು ಅಂತ ಎರಡು ತಂಡಗಳಿಗೆ ಜಟಾಪಟಿ ಆಗಿ, ಎರಡು ಸೀಸನ್ ಮುಗಿಸಿ ವಾಪಸ್ ಹೋಗಬೇಕಾಯಿತು. ಆ ಗಲಾಟೆಯ ನಂತರ 1967ರಲ್ಲಿ ಎರಡು ದೇಶಗಳ ನಡುವೆ ಒಪ್ಪಂದ ಆಯಿತು: ಪರಸ್ಪರರ ಆಟಗಾರರನ್ನು ಮುಟ್ಟುವ ಹಾಗಿಲ್ಲ. ಮುರಾಕಾಮಿ ನಂತರ ಮೂವತ್ತು ವರ್ಷ ಯಾರೂ ಹೋಗದೇ ಇದ್ದದ್ದು ಜಪಾನಿಗಳಿಗೆ ತಾಕತ್ತಿಲ್ಲ ಅಂತಲ್ಲ, ಮಾಲೀಕರು ಗೇಟ್ ಹಾಕಿದ್ದರು.

ಹಣದ ಮಾತನ್ನೂ ಆಡಿಬಿಡೋಣ. ಜಪಾನಿನಲ್ಲಿ ನೊಮೊನ ಕೊನೆಯ ಸಂಬಳ ವರ್ಷಕ್ಕೆ 14 ಕೋಟಿ ಯೆನ್. ಡಾಡ್ಜರ್ಸ್ ಸಹಿ ಹಾಕಿದ್ದಕ್ಕೆ 20 ಲಕ್ಷ ಡಾಲರ್ ಕೊಟ್ಟರು, ಅದು ದೊಡ್ಡ ಮೊತ್ತವೇ. ಆದರೆ ಸಂಬಳ ಮೇಜರ್ ಲೀಗ್‌ನ, ಅಂದರೆ ಅಮೆರಿಕದ ಅತಿ ಮೇಲಿನ ಮಟ್ಟದ ಲೀಗ್‌ನ, ಕನಿಷ್ಠ ದರ, 1,09,000 ಡಾಲರ್. ತಂಡದಲ್ಲಿ ಜಾಗ ಸಿಗುತ್ತದೆ ಅನ್ನುವ ಖಾತರಿ ಇಲ್ಲ. ಭುಜ ಸರಿ ಇಲ್ಲ. ಅತ್ತ ಜಪಾನಿನ ಪತ್ರಿಕೆಗಳು ಸ್ವಾರ್ಥಿ, ಉಂಡ ಮನೆಗೆ ಎರಡು ಬಗೆದವನು ಅಂತ ಬರೆಯುತ್ತಿದ್ದವು.

ಅಮೆರಿಕದ ಬೇಸ್‌ಬಾಲ್ ಕೂಡ ಆಗ ನೆಟ್ಟಗಿರಲಿಲ್ಲ. 1994ರ ಮುಷ್ಕರದಿಂದ ಆ ವರ್ಷದ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ರದ್ದಾಗಿತ್ತು. 95ರ ಸೀಸನ್ ತಡವಾಗಿ, ಏಪ್ರಿಲ್ ಕೊನೆಗೆ ಶುರುವಾಯಿತು. ಕೋಟಿ ಕೋಟಿ ಎಣಿಸುವವರ ಜಗಳ ನಮಗ್ಯಾಕೆ ಅಂತ ಜನ ಮುನಿಸಿಕೊಂಡಿದ್ದರು. ಅಂಥ ಹೊತ್ತಲ್ಲಿ, ಮೇ 2ರಂದು, ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ 16ನೇ ನಂಬರ್ ಹಾಕಿಕೊಂಡ ಜಪಾನಿಯೊಬ್ಬ ಮೌಂಡ್ ಹತ್ತಿ, ಕೈ ಎತ್ತಿ, ಬೆನ್ನು ತಿರುಗಿಸಿದ. ಐದು ಇನಿಂಗ್ಸ್, ಒಂದೇ ಹಿಟ್, 7 ಸ್ಟ್ರೈಕ್‌ಔಟ್. ಪಂದ್ಯ 15 ಇನಿಂಗ್ಸ್‌ವರೆಗೆ ಎಳೆದು ಡಾಡ್ಜರ್ಸ್ ಸೋತರು. ನೊಮೊಗೆ ಗೆಲುವೂ ಇಲ್ಲ, ಸೋಲೂ ಇಲ್ಲ.

ಮೊದಲ ಗೆಲುವಿಗೆ ಜೂನ್ 2ರವರೆಗೆ ಕಾಯಬೇಕಾಯಿತು. ಆಮೇಲೆ ತಡೆಯುವವರೇ ಇಲ್ಲ. ಜೂನ್ 14ರಂದು ಪಿಟ್ಸ್‌ಬರ್ಗ್ ವಿರುದ್ಧ 16 ಸ್ಟ್ರೈಕ್‌ಔಟ್. ಜುಲೈನಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಆಲ್‌ಸ್ಟಾರ್ ಪಂದ್ಯ, ಅಂದರೆ ಮೇಜರ್ ಲೀಗ್‌ನ ಎರಡು ವಿಭಾಗಗಳ ಆಯ್ದ ಆಟಗಾರರ ಪಂದ್ಯ. ನ್ಯಾಷನಲ್ ಲೀಗ್ ಪರ ಮೊದಲ ಎಸೆತ ನೊಮೊದು, ಅಮೆರಿಕನ್ ಲೀಗ್ ಪರ ರ್‍ಯಾಂಡಿ ಜಾನ್ಸನ್‌ದು. ಜಪಾನಿನಲ್ಲಿ ಅದು ಬೆಳಗಿನ ಹೊತ್ತು. ಆ ಬೇಸಿಗೆ ಪೂರ್ತಿ ಟೋಕಿಯೊದ ಬೀದಿಗಳ ದೊಡ್ಡ ಪರದೆಗಳ ಮುಂದೆ ಆಫೀಸಿಗೆ ಹೊರಟವರು ನಿಂತು ನೋಡುತ್ತಿದ್ದರು. ಸ್ವಾರ್ಥಿ ಅಂದಿದ್ದ ಪತ್ರಿಕೆಗಳು ಲಾಸ್ ಏಂಜಲೀಸ್‌ಗೆ ವರದಿಗಾರರನ್ನು ಕಳಿಸಿದವು. ಅವರ ಜೊತೆಗೂ ನೊಮೊ ಜಾಸ್ತಿ ಮಾತಾಡಲಿಲ್ಲ ಅನ್ನುವುದು ನನಗೆ ಇಷ್ಟವಾದ ವಿಷಯ.

ವರ್ಷದ ಕೊನೆಗೆ 13 ಗೆಲುವು, 6 ಸೋಲು, ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ 2.54, ಲೀಗ್‌ನಲ್ಲೇ ಅತಿ ಹೆಚ್ಚು 236 ಸ್ಟ್ರೈಕ್‌ಔಟ್. ವರ್ಷದ ಹೊಸ ಆಟಗಾರ ಪ್ರಶಸ್ತಿ ಅವನಿಗೇ ಬಂತು. ಐದು ವರ್ಷದ ಹಿಂದೆ ಜಪಾನಿನಲ್ಲಿ ಇದೇ ಪ್ರಶಸ್ತಿ ಪಡೆದವನಿಗೆ!

ಈಗ ಕೊಲರಾಡೊಗೆ ಬರೋಣ. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು. ಹೊಡೆದ ಚೆಂಡು ಜಾಸ್ತಿ ದೂರ ಹೋಗುತ್ತದೆ, ತಿರುಗಬೇಕಾದ ಚೆಂಡು ಅಷ್ಟು ತಿರುಗುವುದಿಲ್ಲ. ಪಿಚರ್‌ಗಳಿಗೆ ನರಕ. 1996ರ ಸೆಪ್ಟೆಂಬರ್ 17, ಆ ಮೈದಾನಕ್ಕೆ ಎರಡನೇ ವರ್ಷ. ಮಳೆಯಿಂದ ಆಟ ತಡವಾಗಿ ಶುರುವಾಯಿತು. ಚಳಿ ಬೇರೆ. ಮೌಂಡ್ ಒದ್ದೆ, ಕಾಲು ಜಾರುತ್ತಿದೆ. ಎದುರಿಗೆ ಗಲಾರಾಗ, ಬಿಷೆಟ್, ಕಸ್ಟೀಯ, ಬರ್ಕ್ಸ್ ಇರುವ ರಾಕೀಸ್.

ಅಲ್ಲಿ ನೊಮೊ ಮಾಡಿದ್ದೇನು ಅಂದರೆ, ಕೆಲವು ಇನಿಂಗ್ಸ್ ಆದ ಮೇಲೆ ಟೊರ್ನೆಡೊವನ್ನೇ ಬದಿಗಿಟ್ಟ. ಬೇಸ್‌ನಲ್ಲಿ ಓಟಗಾರ ಇದ್ದಾಗ ಪಿಚರ್‌ಗಳು ಮೊಟಕಾಗಿ ಎಸೆಯುವ ಒಂದು ರೀತಿ ಇದೆ, ಸ್ಟ್ರೆಚ್ ಅಂತ. ಬೇಸ್ ಖಾಲಿ ಇದ್ದರೂ ಅದರಿಂದಲೇ ಎಸೆಯತೊಡಗಿದ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ. ನನ್ನ ಶೈಲಿ ಮುಟ್ಟಬೇಡಿ ಅಂತ ಕರಾರು ಮಾಡಿಕೊಂಡವನು, ಅದಕ್ಕಾಗಿ ಮ್ಯಾನೇಜರ್ ಜೊತೆ ಮುಸುಕಿನ ಗುದ್ದಾಟ ನಡೆಸಿದವನು, ಒಂದು ಒದ್ದೆ ರಾತ್ರಿ ಯಾರೂ ಹೇಳದೆ ತಾನೇ ಅದನ್ನು ಬಿಟ್ಟ. ಶೈಲಿ ಅವನಿಗೆ ಪೂಜೆಯ ವಸ್ತು ಆಗಿರಲಿಲ್ಲ ಅಂತಾಯಿತು. ತೀರ್ಮಾನ ತನ್ನದಾಗಿರಬೇಕು, ಅಷ್ಟೇ. ಒಂಬತ್ತನೇ ಇನಿಂಗ್ಸ್‌ನ ಕೊನೆಗೆ ಎಲ್ಲಿಸ್ ಬರ್ಕ್ಸ್ ಬೀಸಿ ತಪ್ಪಿದ. ಕ್ಯಾಚರ್ ಮೈಕ್ ಪಿಯಾಜಾ ಓಡಿ ಬಂದ. 9-0, ನೋ-ಹಿಟರ್. ಆ ಮೈದಾನದಲ್ಲಿ ಇವತ್ತಿಗೂ ಅದೊಂದೇ.

ಮುಂದಿನದನ್ನು ಸ್ವಲ್ಪ ಬೇಗ ಹೇಳುತ್ತೇನೆ, ಯಾಕೆಂದರೆ ಅದು ಇಳಿಜಾರು. 1997ರ ನಂತರ ಮೊಣಕೈ ಶಸ್ತ್ರಚಿಕಿತ್ಸೆ. 1998ರ ಏಪ್ರಿಲ್‌ನಲ್ಲಿ ಒಂದು ಹೋಮ್ ರನ್ ಹೊಡೆದ, ಅಂದರೆ ನಮ್ಮ ಸಿಕ್ಸರ್ ಹಾಗೆ ಚೆಂಡನ್ನು ಬೇಲಿಯಾಚೆ ಕಳಿಸಿದ, ಮೇಜರ್ ಲೀಗ್‌ನಲ್ಲಿ ಜಪಾನಿಯೊಬ್ಬನ ಮೊದಲ ಹೋಮ್ ರನ್. ಹೊಡೆದವನು ಪಿಚರ್ ಅನ್ನುವುದು ತಮಾಷೆ ಅಲ್ವಾ? ಅದೇ ವರ್ಷ ಡಾಡ್ಜರ್ಸ್ ಅವನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ದಾಟಿಸಿದರು. ಮೆಟ್ಸ್ ಮುಂದಿನ ವರ್ಷ ಕೈಬಿಟ್ಟರು. ಮಿಲ್ವಾಕಿಯಲ್ಲಿ ಚೇತರಿಸಿಕೊಂಡು 12 ಗೆದ್ದ. ಆಮೇಲೆ ಡೆಟ್ರಾಯಿಟ್.

2001ರಲ್ಲಿ ಬಾಸ್ಟನ್ ರೆಡ್ ಸಾಕ್ಸ್. ಏಪ್ರಿಲ್ 4, ಬಾಲ್ಟಿಮೋರ್‌ನಲ್ಲಿ, ಆ ತಂಡಕ್ಕೆ ಅವನ ಮೊಟ್ಟಮೊದಲ ಪಂದ್ಯ. ನೋ-ಹಿಟರ್. ಒಂಬತ್ತನೇ ಇನಿಂಗ್ಸ್‌ನಲ್ಲಿ ಮೈಕ್ ಲ್ಯಾನ್ಸಿಂಗ್ ಹಾರಿ ಒಂದು ಕ್ಯಾಚ್ ಹಿಡಿಯದೇ ಇದ್ದಿದ್ದರೆ ಆಗುತ್ತಿರಲಿಲ್ಲ. ರೆಡ್ ಸಾಕ್ಸ್ ಪಿಚರ್ ಒಬ್ಬ ನೋ-ಹಿಟರ್ ಎಸೆದು 36 ವರ್ಷ ಆಗಿತ್ತು. ಎರಡೂ ಲೀಗ್‌ಗಳಲ್ಲಿ ನೋ-ಹಿಟರ್ ಎಸೆದವರು ಅಲ್ಲಿಯವರೆಗೆ ಸೈ ಯಂಗ್, ಜಿಮ್ ಬನ್ನಿಂಗ್, ನೋಲನ್ ರಯಾನ್ ಮಾತ್ರ. ಆ ಸಾಲಿಗೆ ನೊಮೊ ಸೇರಿದ.

ಅದೇ 2001ರಲ್ಲಿ ಇಚಿರೊ ಸುಜುಕಿ ಸಿಯಾಟಲ್‌ಗೆ ಬಂದ. ಇಲ್ಲೊಂದು ಕೊಂಡಿ ಇದೆ. ಇಚಿರೊ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಹೊಡೆದ ಮೊದಲ ಹೋಮ್ ರನ್ 1993ರಲ್ಲಿ ನೊಮೊನ ಎಸೆತಕ್ಕೆ. ಆಗ ಇಚಿರೊನ ಬ್ಯಾಟಿಂಗ್ ಶೈಲಿಯೂ ವಿಚಿತ್ರ, ಅವನ ಮ್ಯಾನೇಜರ್‌ಗೆ ಅದು ಸೇರುತ್ತಿರಲಿಲ್ಲ. ಮರುವರ್ಷ ಓರಿಕ್ಸ್‌ಗೆ ಹೊಸ ಮ್ಯಾನೇಜರ್ ಬಂದ, ಹುಡುಗನನ್ನು ಅವನ ಪಾಡಿಗೆ ಬಿಟ್ಟ. ಇಚಿರೊ 130 ಪಂದ್ಯಗಳಲ್ಲಿ 210 ಹಿಟ್ ಹೊಡೆದ. ಆ ಮ್ಯಾನೇಜರ್ ಯಾರು ಅಂತೀರಿ? ಓಗಿ ಅಕಿರಾ. ನೊಮೊನ ಶೈಲಿಗೆ ಕೈ ಹಾಕಲ್ಲ ಅಂತ ಒಪ್ಪಿದ್ದ ಅದೇ ಓಗಿ. ಸುಮ್ನೆ ಇರುವುದೂ ಒಂದು ಕೋಚಿಂಗ್, ಆ ಮನುಷ್ಯನಿಗೆ ಅದು ಚೆನ್ನಾಗಿ ಬರುತ್ತಿತ್ತು.

ಇಚಿರೊ ಬಂದದ್ದು ನೊಮೊನ ದಾರಿಯಲ್ಲಿ ಅಲ್ಲ. ನಿವೃತ್ತಿಯ ಆ ಸಂದಿಯನ್ನು ಜಪಾನಿನ ಮಾಲೀಕರು 1998ರ ಹೊತ್ತಿಗೆ ಮುಚ್ಚಿಬಿಟ್ಟರು. ಬದಲಿಗೆ ಪೋಸ್ಟಿಂಗ್ ಪದ್ಧತಿ ತಂದರು. ಆಟಗಾರನನ್ನು ಹರಾಜಿಗಿಟ್ಟ ಹಾಗೆ: ಅಮೆರಿಕದ ತಂಡ ಮೊದಲು ಜಪಾನಿನ ತಂಡಕ್ಕೆ ದುಡ್ಡು ಕೊಡಬೇಕಿತ್ತು. 2006ರಲ್ಲಿ ಪಿಚರ್ ಮಾತ್ಸುಝಾಕಾ ಜೊತೆ ಮಾತಾಡುವ ಹಕ್ಕಿಗೇ ಬಾಸ್ಟನ್ 5 ಕೋಟಿ 11 ಲಕ್ಷ ಡಾಲರ್ ಸುರಿಯಿತು. ನೊಮೊ ಹೋದಾಗ ಕಿಂತೆತ್ಸುಗೆ ನಯಾಪೈಸೆ ಸಿಕ್ಕಿರಲಿಲ್ಲ. ಅಂದರೆ ಅವನು ಒದ್ದು ತೆಗೆದ ಬಾಗಿಲಿಗೆ ಮಾಲೀಕರು ಟಿಕೆಟ್ ಕೌಂಟರ್ ಕಟ್ಟಿದರು. ಇವತ್ತು ಓತಾನಿ ಶೋಹೆಯಿ ಅದೇ ಡಾಡ್ಜರ್ಸ್ ಜೊತೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದದಲ್ಲಿದ್ದಾನೆ. ನೊಮೊ ಹಲವು ವರ್ಷದ ಒಪ್ಪಂದ ಕೇಳಿದ್ದಕ್ಕೆ ಬೈಸಿಕೊಂಡಿದ್ದ, ನೆನಪಿರಲಿ.

2002, 2003ರಲ್ಲಿ ಡಾಡ್ಜರ್ಸ್‌ಗೆ ವಾಪಸ್ ಬಂದು ಎರಡೂ ವರ್ಷ 16-16 ಗೆದ್ದ. ಅಲ್ಲಿಗೆ ಭುಜ ಮುಗಿಯಿತು. 2004ರಲ್ಲಿ 4 ಗೆಲುವು, 11 ಸೋಲು. 2005ರ ಜೂನ್‌ನಲ್ಲಿ ಟ್ಯಾಂಪಾ ಬೇ ಪರ ಎರಡೂ ದೇಶ ಸೇರಿ 200ನೇ ಗೆಲುವು. ಆಮೇಲೆ ಮೈನರ್ ಲೀಗ್‌ಗಳು, ವೆನೆಜುವೆಲಾದ ಚಳಿಗಾಲದ ಲೀಗ್. ಹೆಸರು ಮಾಡಿದ ಮನುಷ್ಯ ಈ ವಯಸ್ಸಲ್ಲಿ ಅಲ್ಲಿ ಯಾಕೆ ಅಂತ ಕೇಳುವವರು ಇದ್ದರು. 2008ರಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್ ಪರ ಮೂರು ಪಂದ್ಯ, ಚೆನ್ನಾಗಿ ಹೊಡೆಸಿಕೊಂಡ. ಜುಲೈನಲ್ಲಿ ನಿವೃತ್ತಿ ಹೇಳಿದ. ಈ ಸಲ ಕಾಗದದ ನಿವೃತ್ತಿ ಅಲ್ಲ. ಆಟ ಬಿಡುವವರು ಸಾಮಾನ್ಯವಾಗಿ ಯಾವ ಕೊರಗೂ ಇಲ್ಲ ಅನ್ನುತ್ತಾರೆ. ನೊಮೊ ನನಗೆ ಕೊರಗು ಉಳಿದಿದೆ ಅಂದ. ಇನ್ನೂ ಎಸೆಯಬೇಕಿತ್ತು ಅನ್ನುವುದೇ ಕೊರಗು.

ಜಪಾನಿನಲ್ಲಿ 78, ಅಮೆರಿಕದಲ್ಲಿ 123, ಒಟ್ಟು 201 ಗೆಲುವು. 3,122 ಸ್ಟ್ರೈಕ್‌ಔಟ್. 2014ರಲ್ಲಿ ಜಪಾನಿನ ಹಾಲ್ ಆಫ್ ಫೇಮ್ ಮೊದಲ ಅವಕಾಶದಲ್ಲೇ, 45ನೇ ವಯಸ್ಸಿಗೆ ಅವನನ್ನು ಆರಿಸಿತು. ಅದೇ ತಿಂಗಳು ಅಮೆರಿಕದ ಹಾಲ್ ಆಫ್ ಫೇಮ್ ಮತದಾನದಲ್ಲಿ ಸಿಕ್ಕಿದ್ದು 571ರಲ್ಲಿ 6 ಮತ. ಇದರಲ್ಲಿ ಅನ್ಯಾಯ ಆಯಿತು ಅಂತ ಕೂಗಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಮೆರಿಕದ ಅಂಕಿಗಳನ್ನು ಮಾತ್ರ ನೋಡಿದರೆ 123 ಗೆಲುವು, 109 ಸೋಲು, ಸರಾಸರಿ 4.24. ಅದಕ್ಕೆ ಆ ಮನೆ ಬಾಗಿಲು ತೆರೆಯುವುದಿಲ್ಲ. ನೊಮೊ ಕೂಡ ಅದಕ್ಕಾಗಿ ಕಾಯುತ್ತಿದ್ದಂತೆ ಕಾಣುವುದಿಲ್ಲ.

ಕೊನೆಗೆ ತಂಡಗಳ ಗತಿ ಹೇಳಿ ಮುಗಿಸುತ್ತೇನೆ. ಅವನನ್ನು ಪಿಚರ್ ಮಾಡಿದ ಸಕಾಯಿ ಕಾರ್ಖಾನೆಯ ತಂಡವನ್ನು ಕಂಪನಿ 1994ರಲ್ಲೇ ಮುಚ್ಚಿತ್ತು. ಕಿಂತೆತ್ಸು ಬಫಲೋಸ್ 2004ರಲ್ಲಿ ಓರಿಕ್ಸ್ ಜೊತೆ ವಿಲೀನವಾಗಿ ಕಣ್ಮರೆ ಆಯಿತು. ಆ ವಿಲೀನದ ವಿರುದ್ಧ ಜಪಾನಿನ ಆಟಗಾರರು ಎರಡು ದಿನ ಮುಷ್ಕರ ಹೂಡಿದರು, ಅಲ್ಲಿನ ಇತಿಹಾಸದಲ್ಲಿ ಅದೇ ಮೊದಲು. ಮುಂದೆ ನಿಂತವನು ಫುರುತಾ ಅತ್ಸುಯಾ, ಸಿಯೋಲ್‌ಗೆ ನೊಮೊ ಜೊತೆ ಹೋಗಿದ್ದ ಕ್ಯಾಚರ್. ಕಂಪನಿ ತಂಡಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದಾಗ, 2003ರಲ್ಲಿ, ನೊಮೊ ಸಕಾಯಿಯಲ್ಲಿ ತನ್ನ ಹೆಸರಿನಲ್ಲೇ ಒಂದು ಕ್ಲಬ್ ಕಟ್ಟಿದ. ವೃತ್ತಿಪರ ತಂಡಗಳು ಆರಿಸದೆ ಬಿಟ್ಟ ಹುಡುಗರು ಅಲ್ಲಿ ಸೇರುತ್ತಾರೆ. ಹಗಲು ಕೆಲಸ ಮಾಡಿಕೊಂಡು ಆಡುತ್ತಾರೆ. 2013ರಿಂದ ಆ ಕ್ಲಬ್ ಹ್ಯೋಗೊ ಪ್ರಾಂತ್ಯದ ತೊಯೊಓಕಾ ಊರಿನಲ್ಲಿದೆ.

ನನ್ನ ಕಡೆಯಿಂದ ಇಷ್ಟು. ಇನ್ನು ಪ್ರಶ್ನೆಗಳಿದ್ದರೆ ಕೇಳಿ. ಫೋರ್ಕ್ ಬಾಲ್ ಹಿಡಿಯುವುದು ಹೇಗೆ ಅಂತ ಯಾರಾದರೂ ಕೇಳಿದರೆ ತೋರಿಸಬಹುದು, ಎಸೆದು ತೋರಿಸಿ ಅಂತ ಮಾತ್ರ ಕೇಳಬೇಡಿ.